ಒಂದೇ ಹೊತ್ತಿಗೆ ಎಷ್ಟು ಮೈಕು ಬೇಕು?

ನಮಸ್ಕಾರ. ಮಂಗಳೂರು, ಉಡುಪಿಯ ಆಸುಪಾಸಿನಲ್ಲಿ ಮನೆಯಲ್ಲಿಯೇ ಧ್ವನಿಮುದ್ರಣ ಮಾಡಲು ಹೊರಟ ಹವ್ಯಾಸಿಗಳು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ ಆಗಿರುತ್ತದೆ: ಇರುವ ಲ್ಯಾಪ್‌ಟಾಪಿಗೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳುವುದೋ, ಕಂಪ್ಯೂಟರಿನ ಹಂಗೇ ಇಲ್ಲದೆ ಪ್ರತಿ ಧ್ವನಿಯನ್ನೂ ಬೇರೆ ಬೇರೆ ಟ್ರ್ಯಾಕಾಗಿ ಮುದ್ರಿಸುವ ಮಲ್ಟಿಟ್ರ್ಯಾಕ್ ರೆಕಾರ್ಡರ್ ಕೊಳ್ಳುವುದೋ? ಉತ್ತರ ಹೇಳುವವರು ಕೂಡಲೇ ಧ್ವನಿಯ ಗುಣಮಟ್ಟದ ಚರ್ಚೆಗೆ ಇಳಿಯುತ್ತಾರೆ. ಅದು ವ್ಯರ್ಥ ಚರ್ಚೆ. 24 ಬಿಟ್, 48 ಕಿಲೋಹರ್ಟ್ಸ್ ಮುದ್ರಣ ಇಂದು ಸಾಧಾರಣ ಬೆಲೆಯ ಯಂತ್ರಕ್ಕೂ ಸಾಧ್ಯ. ಕೇಳುಗರಿಗೆ ತಿಳಿಯುವಂಥ ವ್ಯತ್ಯಾಸ ಬರುವುದು ಮೈಕಿನಿಂದ, ಅದನ್ನು ಇಟ್ಟ ಜಾಗದಿಂದ ಮತ್ತು ಕೋಣೆಯಿಂದ. ಒಂದೇ ಹೊತ್ತಿಗೆ ಎಷ್ಟು ಮಂದಿಯನ್ನು ಮುದ್ರಿಸಬೇಕು, ಆಗ ಯಂತ್ರವನ್ನು ನೋಡಿಕೊಳ್ಳಲು ಒಬ್ಬರು ಇದ್ದಾರೆಯೇ ಎಂಬ ಎರಡು ಸಂಗತಿಗಳನ್ನು ತಿಳಿದುಕೊಂಡರೆ ಆಯ್ಕೆ ಬಹುಪಾಲು ಮುಗಿದಂತೆಯೇ.

ನೀವು ಒಬ್ಬರೇ ತುಳುವಿನಲ್ಲೋ ಕೊಂಕಣಿಯಲ್ಲೋ ಹಾಡು ಕಟ್ಟಿ, ಗಿಟಾರನ್ನೂ ಕೀಬೋರ್ಡನ್ನೂ ಒಂದರ ಮೇಲೊಂದು ಸೇರಿಸುತ್ತ ಹೋಗುವವರಾದರೆ ಸಾಫ್ಟ್‌ವೇರೇ ಸಾಕು, ಬೇರೆ ಯೋಚನೆ ಬೇಡ. ಎರಡು ಇನ್‌ಪುಟ್‌ನ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2ನಂಥ ಇಂಟರ್‌ಫೇಸ್, ಅಂದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ, ಒಂದಿದ್ದರೆ ಕೆಲಸ ಆಗುತ್ತದೆ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರನ್ನು 60 ದಿನ ಯಾವ ಮಿತಿಯೂ ಇಲ್ಲದೆ ಬಳಸಿ ನೋಡಬಹುದು, ಹವ್ಯಾಸಿಗಳಿಗೆ ಅದರ ಲೈಸೆನ್ಸ್ 60 ಡಾಲರಿಗೆ ಸಿಗುತ್ತದೆ. ಐಪ್ಯಾಡ್ ಇರುವವರಿಗೆ ಅಂಥದ್ದೇ ಗ್ಯಾರೇಜ್‌ಬ್ಯಾಂಡ್ ಉಚಿತ. ಪಲ್ಲವಿಯನ್ನು ಐದಾರು ಸಲ ಹಾಡಿ, ಒಂದರಿಂದ ಮೊದಲ ಸಾಲು, ಇನ್ನೊಂದರಿಂದ ಎರಡನೆಯ ಸಾಲು ಆಯ್ದು ಜೋಡಿಸುವ ಕೆಲಸ ದೊಡ್ಡ ಪರದೆಯ ಮೇಲೆ ಕೆಲವೇ ನಿಮಿಷದ್ದು. ಅದೇ ಕೆಲಸವನ್ನು ರೆಕಾರ್ಡರಿನ ಬೆರಳಗಲದ ಪರದೆಯಲ್ಲಿ ಮಾಡುವುದು ಶಿಕ್ಷೆಯೇ ಸರಿ.

ಸಾಫ್ಟ್‌ವೇರಿನ ಮೇಲೆ ಬರುವ ಮುಖ್ಯ ಆಕ್ಷೇಪ ವಿಳಂಬದ್ದು, ಅಂದರೆ ಹಾಡಿದ್ದು ಹೆಡ್‌ಫೋನಿನಲ್ಲಿ ತುಸು ತಡವಾಗಿ ಕೇಳಿಸುವುದು. ಲೆಕ್ಕ ಸರಳವಾಗಿದೆ. 48 ಕಿಲೋಹರ್ಟ್ಸ್‌ನಲ್ಲಿ ಬಫರ್, ಅಂದರೆ ಕಂಪ್ಯೂಟರು ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಧ್ವನಿಯ ತುಣುಕು, 256 ಸ್ಯಾಂಪಲ್ ಇದ್ದರೆ ಒಂದು ದಿಕ್ಕಿಗೆ ಸುಮಾರು 5 ಮಿಲಿಸೆಕೆಂಡ್, ಹೋಗಿಬರಲು 10ಕ್ಕಿಂತ ತುಸು ಹೆಚ್ಚು; 1024 ಇಟ್ಟರೆ ಹೋಗಿಬರುವುದು 42ನ್ನು ದಾಟುತ್ತದೆ, ಆಗ ತಾಳ ಹಿಡಿದು ಹಾಡಲು ಆಗುವುದಿಲ್ಲ. ಆದರೆ ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇದ್ದು ಅದನ್ನು ಒತ್ತಿದರೆ ಮೈಕಿನ ಧ್ವನಿ ಕಂಪ್ಯೂಟರಿನ ಮೂಲಕ ಹೋಗದೆ ನೇರವಾಗಿ ಕಿವಿಗೆ ಬರುತ್ತದೆ. ಹಾಡುವಾಗ ಕಿವಿಯಲ್ಲಿ ಸಾಫ್ಟ್‌ವೇರಿನ ರಿವರ್ಬ್ (ಮಾರ್ದನಿ) ಇರುವುದಿಲ್ಲ, ಅಷ್ಟೆ. ಒಬ್ಬರೇ ಹಾಡುವವರು ಇದೊಂದು ಕಾರಣಕ್ಕಾಗಿ ಹಾರ್ಡ್‌ವೇರ್ ಕೊಳ್ಳಬೇಕಾಗಿಲ್ಲ.

ಇನ್ನು ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನವಾದ ತಾಳಮದ್ದಳೆಯ ವಿಷಯಕ್ಕೆ ಬರೋಣ; ಇಲ್ಲಿ ನನ್ನ ಅಭಿಪ್ರಾಯ ಪೂರ್ತಿ ತಿರುಗುತ್ತದೆ. ಮೇ ತಿಂಗಳ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಮನೆಮನೆಗಳಲ್ಲಿ, ಸಂಘಗಳಲ್ಲಿ ಕೂಟಗಳು ನಡೆಯುತ್ತವೆ, ಮನೆಯ ಚಾವಡಿಯೇ ಸ್ಟುಡಿಯೋ ಆಗುತ್ತದೆ. ಹಾಡುವ ಭಾಗವತರು, ಮದ್ದಳೆ, ಚೆಂಡೆ, ಪಾತ್ರಗಳ ಮಾತಾಡುವ ಮೂವರೋ ನಾಲ್ವರೋ ಅರ್ಥಧಾರಿಗಳು ಸೇರಿದರೆ ಆರೇಳು ಮೈಕುಗಳು ಬೇಕೇಬೇಕು. ಇದನ್ನು ಒಬ್ಬೊಬ್ಬರಾಗಿ ಮುದ್ರಿಸಿ ಆಮೇಲೆ ಸೇರಿಸಬಹುದಲ್ಲ ಎಂದು ಸಾಫ್ಟ್‌ವೇರ್ ಬಲ್ಲ ಹುಡುಗರು ಹೇಳುತ್ತಾರೆ. ಆದರೆ ಏರುಪದ್ಯದಲ್ಲಿ ಲಯ ಎಷ್ಟು ಏರಬೇಕೆಂಬುದು ಆ ಕ್ಷಣಕ್ಕೆ ಭಾಗವತರ ಜಾಗಟೆಯಲ್ಲಿ ನಿರ್ಧಾರವಾಗುತ್ತದೆ, ಮದ್ದಳೆಯವರು ಅವರ ಮುಖವನ್ನೇ ನೋಡುತ್ತ ನುಡಿಸುತ್ತಾರೆ. ಕಂಪ್ಯೂಟರಿನ ಒಂದೇ ವೇಗದ ತಾಳದ ಕ್ಲಿಕ್ಕಿಗೆ ಕಟ್ಟಿಹಾಕಿದರೆ ಹಿಮ್ಮೇಳ ಹಿಮ್ಮೇಳವಾಗಿ ಉಳಿಯುವುದಿಲ್ಲ. ಎಲ್ಲರನ್ನೂ ಒಟ್ಟಿಗೇ ಮುದ್ರಿಸಬೇಕು.

ಎಂಟು ಇನ್‌ಪುಟ್‌ನ ಇಂಟರ್‌ಫೇಸ್ ಕೊಂಡರೆ ಲ್ಯಾಪ್‌ಟಾಪಿನಲ್ಲಿಯೂ ಇದು ಸಾಧ್ಯವೇ. ಆದರೆ ನೋಡಿಕೊಳ್ಳುವವರು ಯಾರು? ಹವ್ಯಾಸಿ ಕೂಟಗಳಲ್ಲಿ ಯಂತ್ರ ಬಲ್ಲವರು ಸಾಮಾನ್ಯವಾಗಿ ಕಲಾವಿದರೇ ಆಗಿರುತ್ತಾರೆ, ಜಾಗಟೆ ಹಿಡಿದ ಕೈ ಮೌಸ್ ಹಿಡಿಯುವುದಿಲ್ಲ. ನಡುವೆ ಅಪ್‌ಡೇಟ್ ಶುರುವಾದರೆ, ಯುಎಸ್‌ಬಿ ಸಡಿಲವಾದರೆ, ಅರ್ಧ ಪ್ರಸಂಗ ಹೋದ ಮೇಲೆಯೇ ಗೊತ್ತಾಗುವುದು. ಎಂಟು ಮೈಕುಗಳನ್ನು ಸಿಕ್ಕಿಸಬಹುದಾದ ಝೂಮ್ ಎಲ್-12ನಂಥ ಯಂತ್ರದಲ್ಲಿ ಕೆಂಪು ಗುಂಡಿ ಒತ್ತಿ ಕುಳಿತರೆ ಪ್ರತಿ ಮೈಕೂ ಬೇರೆ ಬೇರೆ ಟ್ರ್ಯಾಕಾಗಿ ಕಾರ್ಡಿಗೆ ಇಳಿಯುತ್ತದೆ. ಎಂಟು ಟ್ರ್ಯಾಕಿಗೆ ಗಂಟೆಗೆ ಸುಮಾರು 4 ಜಿಬಿ, ಮೂರು ಗಂಟೆಯ ಕೂಟಕ್ಕೆ 12 ಜಿಬಿ. ಕಾರ್ಡಿನ ಖರ್ಚು ದೊಡ್ಡದಲ್ಲ.

ಗೇನ್, ಅಂದರೆ ಮೈಕಿನ ಧ್ವನಿಯನ್ನು ಯಂತ್ರ ಎಷ್ಟು ಹಿಗ್ಗಿಸಬೇಕೆಂಬ ಅಳತೆ, ಇಡುವಲ್ಲಿ ಮಾತ್ರ ಎಚ್ಚರ ಬೇಕು. ಪೀಠಿಕೆಯನ್ನು ಮೆಲುದನಿಯಲ್ಲಿ ಆರಂಭಿಸಿದ ಅರ್ಥಧಾರಿ ಸಂವಾದ ಕಾವೇರಿದಾಗ ಗರ್ಜಿಸುತ್ತಾರೆ, ಮೊದಲಿನ ದನಿಗೆ ಹೊಂದಿಸಿದ ಗೇನ್ ಆಗ ಧ್ವನಿಯನ್ನು ಒಡೆಯುತ್ತದೆ. ಒಡೆದ ಧ್ವನಿಯನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡುವುದಿಲ್ಲ. ಚೆಂಡೆಯ ಒಂದು ಜೋರು ಪೆಟ್ಟನ್ನು ಮೊದಲೇ ಹೊಡೆಸಿ ಮೀಟರ್ ನೋಡಿಕೊಂಡು, ಅದಕ್ಕಿಂತಲೂ ಕೆಳಗೆ ಇಡುವುದು ಒಳ್ಳೆಯದು. ಆರು ಮೈಕಿನ ಝೂಮ್ ಎಫ್6ನಲ್ಲಿ 32 ಬಿಟ್ ಫ್ಲೋಟ್ ಮುದ್ರಣವಿದೆ, ಮೈಕು ತಾಳಿಕೊಂಡಷ್ಟನ್ನೂ ಆಮೇಲೆ ತಗ್ಗಿಸಿ ಸರಿಹೊಂದಿಸಬಹುದು. ಬೆಲೆ ಜಾಸ್ತಿ, ಆದರೆ ತಾಳಮದ್ದಳೆಗೆ ಇದಕ್ಕಿಂತ ಹೊಂದುವ ಸೌಲಭ್ಯ ನನಗೆ ಕಂಡಿಲ್ಲ. ಭಜನಾ ಮಂಡಳಿಗಳಿಗೆ ಇಷ್ಟೆಲ್ಲ ಬೇಡ, ಒಂದು ಒಳ್ಳೆಯ ಸ್ಟೀರಿಯೋ ರೆಕಾರ್ಡರನ್ನು ಎತ್ತರದಲ್ಲಿಟ್ಟರೆ ಮುಗಿಯಿತು.

ನಮ್ಮೂರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಅಡಾಪ್ಟರಿನಲ್ಲಿ ನಡೆಯುವ ಎಲ್-12 ಅಲ್ಲಿಯೇ ನಿಲ್ಲುತ್ತದೆ, ಆದ್ದರಿಂದ ಜೊತೆಗೊಂದು ಯುಪಿಎಸ್ ಬೇಕು. ಎಫ್6 ನಾಲ್ಕು ಎಎ ಬ್ಯಾಟರಿಗಳಲ್ಲಿಯೂ ನಡೆಯುತ್ತದೆ, ಆದರೆ ಫ್ಯಾಂಟಮ್ ಪವರ್ (ಕಂಡೆನ್ಸರ್ ಮೈಕಿಗೆ ಯಂತ್ರವೇ ಕೊಡುವ ವಿದ್ಯುತ್) ಹಾಕಿದರೆ ಅವು ಬೇಗ ಮುಗಿಯುತ್ತವೆ. ಕಡಲಿಗೆ ಹತ್ತಿರವಿರುವ ಮನೆಗಳಲ್ಲಿ ಉಪ್ಪುಗಾಳಿಗೆ ಧ್ವನಿ ಏರಿಳಿಸುವ ಫೇಡರುಗಳು ಕರಕರ ಎನ್ನಲು ಆರಂಭಿಸುತ್ತವೆ, ಬಳಸದಿದ್ದಾಗ ಮುಚ್ಚಿಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಸೀಲಿಂಗ್ ಫ್ಯಾನ್ ನಿಲ್ಲಿಸಿ ಬೆವರು ಸುರಿಸುತ್ತ ಹಾಡುವಾಗ ಲ್ಯಾಪ್‌ಟಾಪಿನ ಒಳಗಿನ ಫ್ಯಾನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ, ಕಂಡೆನ್ಸರ್ ಮೈಕು ಅದನ್ನೂ ಬಿಡದೆ ಹಿಡಿಯುತ್ತದೆ. ಹಂಚಿನ ಮಾಡಿನ ಮೇಲೆ ಬೀಳುವ ಜಡಿಮಳೆಗೆ ಎರಡರಲ್ಲಿಯೂ ಪರಿಹಾರವಿಲ್ಲ.

ರೆಕಾರ್ಡರ್ ಕೊಳ್ಳಲೇಬೇಕೆಂದಾದರೆ ಅದರಲ್ಲಿಯೇ ಮಿಕ್ಸಿಂಗ್ ಮುಗಿಸುವ ಹಟ ಬೇಡ. 1979ರಲ್ಲಿ ಬಂದ ಮೊದಲ ಪೋರ್ಟಾಸ್ಟುಡಿಯೋ ಎಂಬ ರೆಕಾರ್ಡರ್ ನಾಲ್ಕು ಟ್ರ್ಯಾಕುಗಳನ್ನು ಸಾಧಾರಣ ಕ್ಯಾಸೆಟ್ಟಿನಲ್ಲಿ ಮುದ್ರಿಸುತ್ತಿತ್ತು, ಆಗ ಬೇರೆ ದಾರಿ ಇರಲಿಲ್ಲ. ಈಗ ಕಾರ್ಡಿನಲ್ಲಿರುವ ಫೈಲುಗಳನ್ನು ಮರುದಿನ ರೀಪರಿಗೆ ಹಾಕಿ ನಿಧಾನವಾಗಿ ಹದಗೊಳಿಸಬಹುದು. ಪೆಟ್ಟಿಗೆಯ ಮೇಲಿನ ಅಂಕಿಯನ್ನು ಮಾತ್ರ ನಂಬಬೇಡಿ. ಟ್ಯಾಸ್ಕಾಮ್ ಡಿಪಿ-008ಇಎಕ್ಸ್ ಎಂಟು ಟ್ರ್ಯಾಕಿನ ಯಂತ್ರವೇ ಹೌದು, ಆದರೆ ಒಂದು ಸಲಕ್ಕೆ ಮುದ್ರಿಸುವುದು ಎರಡನ್ನು. 24 ಟ್ರ್ಯಾಕಿನ ಡಿಪಿ-24ಎಸ್‌ಡಿ ಒಂದು ಸಲಕ್ಕೆ ಎಂಟನ್ನು. ಒಟ್ಟಿಗೆ ಎಷ್ಟು ಟ್ರ್ಯಾಕ್ ಮುದ್ರಿಸುತ್ತದೆ, ಎಷ್ಟು ಇನ್‌ಪುಟ್‌ಗಳಲ್ಲಿ 48 ವೋಲ್ಟ್ ಫ್ಯಾಂಟಮ್ ಇದೆ ಎಂಬುದನ್ನು ಅಂಗಡಿಯವರಲ್ಲಿ ಕೇಳಿ, ಸಾಧ್ಯವಾದರೆ ಕೈಪಿಡಿಯಲ್ಲಿ ಓದಿ, ಆಮೇಲೆ ಹಣ ಕೊಡಿ. ಸಂಘದ ಹಣದಲ್ಲಿ ಕೊಳ್ಳುವುದಾದರೆ, ಕೂಟ ಮುಗಿದ ರಾತ್ರಿಯೇ ಕಾರ್ಡಿನಿಂದ ಎರಡು ಹಾರ್ಡ್‌ಡಿಸ್ಕಿಗೆ ಪ್ರತಿ ಮಾಡುವ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದುಬಿಡಿ.