ಜಾಬ್ ಇದೆ ಸರಿ, ಓಡಿದೆಯಾ?

ನಮಸ್ಕಾರ. ಊಟ ಆದ ಮೇಲಿನ ಮೊದಲ ಉಪನ್ಯಾಸ ನನ್ನ ಪಾಲಿಗೆ ಬಂದಿದೆ, ಅಂದರೆ ನಿಮ್ಮ ನಿದ್ದೆಗೂ ನನಗೂ ಪೈಪೋಟಿ. ಇಲ್ಲಿರುವವರೆಲ್ಲ ಒರಾಕಲ್ ಡೇಟಾಬೇಸ್ ಜೊತೆ ಏಗಿದವರೇ, ಜಾಬ್ ಅಂದರೆ ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸ ಅಂತ ವಿವರಿಸುತ್ತಾ ಕೂರುವುದಿಲ್ಲ.

ನನ್ನ ತಕರಾರು ಒಂದೇ. ರಾತ್ರಿ ಜಾಬ್ ಸರಿ ಇದೆಯಾ ಅಂತ ಮ್ಯಾನೇಜರ್ ಕೇಳಿದರೆ ನಾವು ಜಾಬ್‌ಗಳ ಪಟ್ಟಿಯಾದ ಡಿಬಿಎ_ಜಾಬ್ಸ್ ತೆಗೆದು, ಅದರ ಸಾಲು ಕಂಡ ಕೂಡಲೇ "ಇದೆ ಸರ್" ಅಂದುಬಿಡುತ್ತೇವೆ. ಇರುವುದು ಬೇರೆ, ಓಡುವುದು ಬೇರೆ, ಅಲ್ವಾ?

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ರಾತ್ರಿ 2 ಗಂಟೆಗೆ ದಾಸ್ತಾನು ಲೆಕ್ಕ ಹಾಕುವ ಜಾಬ್ ಇತ್ತು. ಒಂದು ಸೋಮವಾರ ಗೋಡೌನಿನಿಂದ ಫೋನ್: "ಸರ್, ಖಾಲಿಯಾದ ಅಕ್ಕಿ ಇನ್ನೂ ಇದೆ ಅಂತ ತೋರಿಸ್ತಿದೆ." ನೋಡಿದೆ. ಸಾಲು ಇತ್ತು. ಮುಂದಿನ ಓಟದ ತಾರೀಖು ಹೇಳುವ ನೆಕ್ಸ್ಟ್_ಡೇಟ್ ಕಾಲಮ್ಮಿನಲ್ಲಿ 01-ಜನ-00. ಎರಡೇ ಅಂಕಿಯ ವರ್ಷ ನೋಡಿ, 2000 ಇರಬೇಕು, ಡಿಸ್‌ಪ್ಲೇ ಗೊಂದಲ ಅಂದುಕೊಂಡು ಕಾಫಿಗೆ ಹೋದೆ. ಹೌದು, ಹೋದೆ, ನಗಬೇಡಿ. ವಾಪಸ್ ಬಂದಾಗ ಪಕ್ಕದ ಸೀಟಿನ ಹುಡುಗಿ "ನಾಲ್ಕಂಕಿ ಹಾಕಿ ನೋಡಿ ಸರ್" ಅಂದಳು. ನೋಡಿದರೆ ಇಸವಿ 4000! ಆ ಅಕ್ಕಿ ಲೆಕ್ಕಕ್ಕೆ ಬರಲು ಇನ್ನೂ ಸುಮಾರು ಎರಡು ಸಾವಿರ ವರ್ಷ ಕಾಯಬೇಕಿತ್ತು.

ಆಗಿದ್ದು ಇಷ್ಟೇ. ಟೇಬಲ್‌ಸ್ಪೇಸ್ (ಡೇಟಾ ಇಡುವ ಜಾಗ) ತುಂಬಿ ಜಾಬ್ ಫೇಲ್ ಆಗಿತ್ತು. ಜಾಬ್ ಓಡಿಸುವ ಒರಾಕಲ್ ಪ್ಯಾಕೇಜ್ ಡಿಬಿಎಂಎಸ್_ಜಾಬ್ ಒಂದು ನಿಮಿಷ ಬಿಟ್ಟು ಮತ್ತೆ ಓಡಿಸುತ್ತದೆ, ಆಮೇಲೆ ಎರಡು, ನಾಲ್ಕು, ಎಂಟು ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಿ, 16 ಸಲ ಸೋತ ಮೇಲೆ ಬ್ರೋಕನ್ ಕಾಲಮ್ಮಿಗೆ 'ವೈ', ಅಂದರೆ ಹೌದು, ಕೆಟ್ಟಿದೆ ಅಂತ ಬರೆದು ಮುಂದಿನ ತಾರೀಖನ್ನು 4000ಕ್ಕೆ ತಳ್ಳಿಬಿಡುತ್ತದೆ. ಪಾಪ, ಅದು ಸುಮ್ನೆ ಇರಲಿಲ್ಲ, ಡೇಟಾಬೇಸಿನ ದಿನಚರಿಯಾದ ಅಲರ್ಟ್ ಲಾಗ್‌ನಲ್ಲಿ ಪ್ರತಿ ಸಲವೂ ಓರಾ-12012 ಎರರ್ ಅಂತ ಕೂಗಿತ್ತು. ಕೇಳಿಸಿಕೊಳ್ಳಲು ನಾವಿರಲಿಲ್ಲ. ಅದಕ್ಕೇ ಹೇಳುವುದು, ಸಾಲು ಹುಡುಕಬೇಡಿ, ಲಾಸ್ಟ್_ಡೇಟ್ ನೋಡಿ. ಅದು ಕೊನೆಯ ಸಲ ಯಶಸ್ವಿಯಾಗಿ ಮುಗಿದ ಓಟದ ತಾರೀಖು.

ಇನ್ನೊಂದು ಚೇಷ್ಟೆ ಇದೆ. ಬ್ರೋಕನ್ 'ಎನ್', ಫೇಲ್ಯೂರ್ಸ್ ಸೊನ್ನೆ, ಆದರೆ ನೆಕ್ಸ್ಟ್_ಡೇಟ್ ಮಾತ್ರ ನಿನ್ನೆಯದು. ಯಾರೋ ಅಪ್‌ಗ್ರೇಡ್ ಹೊತ್ತಿನಲ್ಲಿ ಜಾಬ್ ಓಡಿಸುವ ಪ್ರೊಸೆಸ್‌ಗಳು ಎಷ್ಟು ಅಂತ ಹೇಳುವ ಜಾಬ್_ಕ್ಯೂ_ಪ್ರೊಸೆಸಸ್ ಸೊನ್ನೆ ಮಾಡಿ, ವಾಪಸ್ ಏರಿಸಲು ಮರೆತಿರುತ್ತಾರೆ. ಅಡುಗೆ ಸಿದ್ಧ, ಬಡಿಸುವವರೇ ಇಲ್ಲ. ಆಗಲೂ ಸಾಲು ಇದ್ದೇ ಇರುತ್ತದೆ! ಸಬ್‌ಮಿಟ್ ಮಾಡಿ ಕಮಿಟ್ (ಬದಲಾವಣೆ ಖಾಯಂ ಮಾಡುವುದು) ಮರೆತವರ ಕತೆ ಬೇಡ, ಅವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಹಾಂ, ಐದು ನಿಮಿಷದ ಚೀಟಿ ಬಂತು. ಜಾಬ್ ಓಡಿಸುವ ಇನ್ನೊಂದು ಪ್ಯಾಕೇಜ್ ಡಿಬಿಎಂಎಸ್_ಷೆಡ್ಯೂಲರ್ ಬಗ್ಗೆ ಆರು ಸ್ಲೈಡ್ ಇದ್ದವು, ಹಾರಿಸುತ್ತೇನೆ. ಒರಾಕಲ್ 10ಜಿ ಆವೃತ್ತಿಯಿಂದ ಇದೆ, ಡಿಬಿಎ_ಷೆಡ್ಯೂಲರ್_ಜಾಬ್_ರನ್_ಡೀಟೇಲ್ಸ್‌ನಲ್ಲಿ ಪ್ರತಿ ಓಟದ ಸ್ಟೇಟಸ್ಸೂ ಎರರ್ ನಂಬರೂ ಸಿಗುತ್ತವೆ. ನೀವು ಬದಲಾಯಿಸದಿದ್ದರೆ 30 ದಿನದ್ದು ಮಾತ್ರ ಉಳಿಯುತ್ತದೆ, ಹಳೆಯದು ಬೇಕಿದ್ದರೆ ಮೊದಲೇ ಎತ್ತಿಟ್ಟುಕೊಳ್ಳಿ. ಟೈಮ್‌ಝೋನ್ ತಲೆನೋವು... ಬಿಡಿ, ಅದು ಇನ್ನೊಂದು ಮಧ್ಯಾಹ್ನಕ್ಕೆ.

ಪ್ರಶ್ನೆ ಇದ್ದವರು ಹೊರಗೆ ಚಹಾ ಹತ್ತಿರ ಸಿಗಿ. ಸ್ಕ್ರೀನ್‌ಶಾಟ್ ತರುವವರು ವರ್ಷ ನಾಲ್ಕಂಕಿಯಲ್ಲಿ ಇರುವುದನ್ನೇ ತನ್ನಿ.