ಗಾಜಿನ ತಟ್ಟೆಯಲ್ಲಿ ಜೇನು

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಿಂತು ಜೇನಿನ ಬಗ್ಗೆ ಮಾತಾಡಲು ಸ್ವಲ್ಪ ಧೈರ್ಯ ಬೇಕು. ಇಲ್ಲಿ ಕೂತ ಎಷ್ಟೋ ಜನರ ಹಿತ್ತಿಲಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇದೆ. ಕುಟುಕದ ಪುಟ್ಟ ಮಿಸರೆಯ ಜೇನುತುಪ್ಪದ ಹುಳಿ, ನೇರಳೆ ಹೂವಿನ ತುಪ್ಪದ ಸಣ್ಣ ಕಹಿ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಹೇಳಬೇಕೆಂದಿರುವುದು ಬೇರೆ. ‘ಜೇನು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ’ ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ, ಆ ಮಾತು ಹುಟ್ಟಿದ್ದೆಲ್ಲಿ?

ಅದು ಪೂರ್ತಿ ಸುಳ್ಳಲ್ಲ. ಮಲೇಷ್ಯಾದ ಕಾಡಿನಲ್ಲಿ ತುವಾಲಂಗ್ ಎಂಬ ಭಾರೀ ಎತ್ತರದ ಮರವಿದೆ. ಅದರ ಕೊಂಬೆಗೆ ಜೇನುತಟ್ಟಿ ಕಟ್ಟುವುದು ನಮ್ಮ ಹೆಜ್ಜೇನೇ, ಅದೇ ಜಾತಿ. ಅಲ್ಲಿನ ಸಂಶೋಧಕರು ಆ ತುಪ್ಪವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡಿದರು. 2011ರಲ್ಲಿ ವರದಿ ಬಂತು. ಕೋಶಗಳು ಸತ್ತಿದ್ದವು. ಹೇಗೆ ಸತ್ತವು ಎನ್ನುವುದೇ ಸ್ವಾರಸ್ಯ. ಕೆಟ್ಟುಹೋದ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳಲಿ ಅಂತ ದೇಹದಲ್ಲಿ ಒಂದು ಏರ್ಪಾಡಿದೆ. ಕ್ಯಾನ್ಸರ್ ಕೋಶ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಜೇನು ಬಿದ್ದಾಗ ಆ ಏರ್ಪಾಡು ಮತ್ತೆ ಚಾಲೂ ಆಯಿತು. ಹೂವಿನಿಂದ ತುಪ್ಪಕ್ಕೆ ಬರುವ ಕ್ರೈಸಿನ್, ಕ್ವೆರ್ಸೆಟಿನ್‌ನಂಥ ಫ್ಲೇವನಾಯ್ಡ್‌ ಎಂಬ ಗಿಡದ ರಾಸಾಯನಿಕಗಳ ಕೈ ಇದರಲ್ಲಿದೆ ಎಂಬುದು ಊಹೆ.

ಈಗ ಲೆಕ್ಕಕ್ಕೆ ಬನ್ನಿ. ಆ ತಟ್ಟೆಯ ದ್ರವದಲ್ಲಿ ನೂರಕ್ಕೆ ಸುಮಾರು ಎರಡೂವರೆ ಪಾಲು ತುಪ್ಪ ಇತ್ತು. ನಮ್ಮ ಮೈಯಲ್ಲಿ ರಕ್ತ ಹತ್ತಿರ ಹತ್ತಿರ 5 ಲೀಟರ್. ಅದರಲ್ಲಿ ಎರಡೂವರೆ ಪಾಲು ಅಂದರೆ 125 ಮಿಲಿಲೀಟರ್ ತುಪ್ಪ, ಅದೂ ನೇರ ರಕ್ತಕ್ಕೆ. ಅಷ್ಟು ತುಪ್ಪದಲ್ಲಿ ಸಕ್ಕರೆಯೇ 140 ಗ್ರಾಂ. ಆರೋಗ್ಯವಂತರ ರಕ್ತದಲ್ಲಿ ಒಟ್ಟು ಇರುವ ಸಕ್ಕರೆ ಎಷ್ಟು ಗೊತ್ತಾ? ಸುಮಾರು 5 ಗ್ರಾಂ, ಒಂದು ಸಣ್ಣ ಚಮಚ! ಅಷ್ಟು ಸಕ್ಕರೆ ಸುರಿದರೆ ಯಾವ ಕೋಶಕ್ಕಾದರೂ ತ್ರಾಸೇ. ಅದಕ್ಕೇ ಚೆನ್ನಾಗಿ ಮಾಡಿದ ಪ್ರಯೋಗದಲ್ಲಿ ಪಕ್ಕದ ತಟ್ಟೆಗೆ ಬರೀ ಸಕ್ಕರೆ ನೀರು ಹಾಕಿ ಹೋಲಿಸುತ್ತಾರೆ.

ಇನ್ನು ಬಾಯಿಂದ ತಿಂದ ತುಪ್ಪ. ಕ್ರೈಸಿನ್ ಕರುಳು, ಯಕೃತ್ತು (ಲಿವರ್) ದಾಟುವಷ್ಟರಲ್ಲಿ ಬಹುಪಾಲು ರೂಪ ಬದಲಿಸಿಬಿಡುತ್ತದೆ. ರಕ್ತಕ್ಕೆ ಸೇರುವುದು ಚೂರೇ ಚೂರು. ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. 2024ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇಲಿಗಳಿಗೆ ನ್ಯೂಜಿಲೆಂಡ್ ಕಡೆಯ ಮನುಕಾ ಹೂವಿನ ಜೇನು ತಿನ್ನಿಸಿದರು. ಅವುಗಳ ಮೈಯಲ್ಲಿ ಮನುಷ್ಯರ ಸ್ತನ ಕ್ಯಾನ್ಸರ್ ಕೋಶದಿಂದ ಬೆಳೆಸಿದ ಗಡ್ಡೆ ಇತ್ತು. ಅದರ ಬೆಳವಣಿಗೆ ಶೇ. 84ರಷ್ಟು ಕುಗ್ಗಿತು. ದೊಡ್ಡ ಅಂಕಿಯೇ. ಆದರೆ ಇಲಿ ಇಲಿಯೇ, ಅಲ್ವಾ?

ತಿಂದ ತುಪ್ಪ ಕರಗಿ ಬದಲಾಗುವ ಮೊದಲು, ಹಾಗೇ ತಾಗುವ ಜಾಗ ಒಂದಿದೆ: ಬಾಯಿ. ತಲೆ, ಕುತ್ತಿಗೆಯ ಕ್ಯಾನ್ಸರಿಗೆ ರೇಡಿಯೇಷನ್ ಕೊಟ್ಟಾಗ ಬಾಯಿ ತುಂಬ ಹುಣ್ಣಾಗುತ್ತದೆ, ಗಂಜಿಯೂ ಇಳಿಯುವುದಿಲ್ಲ. ಆ ಹುಣ್ಣು ತಡೆಯಲು ಜೇನು ಬಳಸಬಹುದು ಎಂದು ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿ 2020ರಲ್ಲಿ ಸಲಹೆ ಕೊಟ್ಟಿದೆ. ನೆನಪಿಡಿ, ಅದು ಹುಣ್ಣಿಗೆ, ಗಡ್ಡೆಗಲ್ಲ. ಡಾಕ್ಟರನ್ನು ಕೇಳಿಯೇ ಬಳಸಿ. ಕೀಮೋದಿಂದ ಬಿಳಿ ರಕ್ತಕಣ ಇಳಿದವರಿಗಂತೂ ತಟ್ಟಿಯಿಂದ ಹಿಂಡಿದ ಹಸಿ ತುಪ್ಪ ಕೊಡಬೇಡಿ. ಅದರಲ್ಲಿ ಸೂಕ್ಷ್ಮಜೀವಿಗಳ ಬೀಜಾಣು ಇರಬಹುದು.

ಬಾಯಿಯ ಮಾತು ಬಂತಲ್ಲ, ಅಡಿಕೆ ಪೇಟೆಯಲ್ಲಿ ನಿಂತು ಇದನ್ನೂ ಹೇಳಿಬಿಡುತ್ತೇನೆ, ಬೈಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ, ತಂಬಾಕು ಇಲ್ಲದ ಕವಳವೂ, ಅಂದರೆ ಬರೀ ಎಲೆ-ಅಡಿಕೆಯೂ, ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಪ್ರಕಟಿಸಿತು. ಅದು ತಟ್ಟೆಯಲ್ಲಿನ ಕೋಶ ನೋಡಿ ಹೇಳಿದ್ದಲ್ಲ, ಕವಳ ಹಾಕುವ ಜನರನ್ನೇ ನೋಡಿ ಹೇಳಿದ್ದು. ನಾನೂ ಊಟವಾದ ಮೇಲೆ ಹಾಕುತ್ತಿದ್ದವನೇ. ಈಗ ಹರಿವಾಣ ಮುಂದೆ ಬಂದರೆ ಒಂದು ಲವಂಗ ಎತ್ತಿಕೊಂಡು ಪಕ್ಕದವರಿಗೆ ದಾಟಿಸುತ್ತೇನೆ. ಅವರಿಗೆ ಏನು ಹೇಳಬೇಕು ಅಂತ ಇನ್ನೂ ಸರಿಯಾಗಿ ತೋಚಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ.