ಇನ್‌ಸ್ಟಾಲ್ ಮಾಡುವ ಮೊದಲು ಕೇಳಿ: ಯಾವ ವರ್ಷನ್?

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನನ್ನ ಮಾತು ಡಿಪ್ಲೊಮಾ, ಬಿಸಿಎ, ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳ ಜೊತೆ. ಅದರಲ್ಲೂ ಕೊನೆಯ ವರ್ಷದ ಪ್ರಾಜೆಕ್ಟ್ ಹಿಡಿದುಕೊಂಡು, ರಾತ್ರಿ ಹನ್ನೆರಡಾದರೂ ಲ್ಯಾಪ್‌ಟಾಪ್ ಮುಚ್ಚದೆ ಕೂತಿರುವವರ ಜೊತೆ. ಕೋಡ್ ಬರೆದಾಗಿದೆ. ಓಡುತ್ತಿಲ್ಲ. ಲೈಬ್ರರಿ ಇನ್‌ಸ್ಟಾಲ್ ಆಗುತ್ತಿಲ್ಲ. ಒಂದನ್ನು ಹಾಕಿದರೆ ಇನ್ನೊಂದು ಕೆಡುತ್ತದೆ. ಪರದೆ ತುಂಬಾ ಕೆಂಪು ಅಕ್ಷರ. ಅಲ್ವಾ?

ಹೀಗಾದಾಗ ನಾನು ಕೇಳುವುದು ಒಂದೇ ಪ್ರಶ್ನೆ. ಯಾವ ವರ್ಷನ್? ನೀವು ಕೋಡ್ ಬರೆಯುವ ಭಾಷೆ ಪೈಥಾನ್ ಯಾವ ವರ್ಷನ್, ಲೈಬ್ರರಿ ಯಾವ ವರ್ಷನ್? ಈ ಮಾತನ್ನು ಇವತ್ತು ಪದೇ ಪದೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪೆನ್ನು, ಪೇಪರ್ ಹತ್ತಿರ ಇಟ್ಟುಕೊಳ್ಳಿ. ನಾಲ್ಕೈದು ಕಮಾಂಡ್ ಹೇಳುವುದಿದೆ, ನಿಧಾನವಾಗಿ ಹೇಳುತ್ತೇನೆ.

ಮೊದಲು ಲೈಬ್ರರಿ ಅಂದರೇನು? ಬೇರೆ ಯಾರೋ ಬರೆದು, ಎಲ್ಲರೂ ಬಳಸಲಿ ಎಂದು ಇಟ್ಟಿರುವ ಕೋಡ್. ಪೈಥಾನ್‌ನವರಿಗೆ ಇದೆಲ್ಲ ಸಿಗುವ ಜಾಗ ಪೈಪಿಐ ಎನ್ನುವ ಇಂಟರ್ನೆಟ್ ಭಂಡಾರ. 2003ರಲ್ಲಿ ಶುರುವಾಯಿತು. ಈಗ ಅಲ್ಲಿ 5 ಲಕ್ಷಕ್ಕೂ ಜಾಸ್ತಿ ಪ್ಯಾಕೇಜುಗಳಿವೆ. ಅಲ್ಲಿಂದ ತಂದುಕೊಡುವ ಕೆಲಸ ಪಿಪ್ ಎನ್ನುವ ಪ್ರೋಗ್ರಾಮಿನದು. ನೀವು ವರ್ಷನ್ ಹೇಳದಿದ್ದರೆ ಪಿಪ್ ಸಾಮಾನ್ಯವಾಗಿ ತೀರಾ ಹೊಸದನ್ನೇ ತರುತ್ತದೆ. ನೀವು ನೋಡುತ್ತಿರುವ ಯೂಟ್ಯೂಬ್ ಪಾಠ 2020ರದ್ದು. ಪಿಪ್ ತಂದಿದ್ದು ಇವತ್ತಿನದು. ನಡುವೆ ಲೈಬ್ರರಿ ಬರೆದವರು ಹಳೆಯ ಫಂಕ್ಷನ್ ತೆಗೆದಿದ್ದಾರೆ, ಹೆಸರು ಬದಲಿಸಿದ್ದಾರೆ. ಪಾಠದಲ್ಲಿ ಓಡಿದ್ದು ನಿಮ್ಮಲ್ಲಿ ಹೇಗೆ ಓಡುತ್ತದೆ?

ಇನ್ನು ಜಗಳದ ವಿಷಯ. ಒಂದು ಲೈಬ್ರರಿಗೆ ಕೆಲಸ ಮಾಡಲು ಇನ್ನೊಂದು ಬೇಕು, ಅದಕ್ಕೆ ಮತ್ತೊಂದು. ಇದನ್ನೇ ಡಿಪೆಂಡೆನ್ಸಿ ಅನ್ನುವುದು. ನಿಮ್ಮ ಪ್ರಾಜೆಕ್ಟಿನಲ್ಲಿ ಎರಡು ಲೈಬ್ರರಿ ಇವೆ ಅಂದುಕೊಳ್ಳಿ. ಎರಡಕ್ಕೂ ನಂಪೈ ಎನ್ನುವ ಲೆಕ್ಕದ ಲೈಬ್ರರಿ ಬೇಕು. ಒಂದು ಹೇಳುತ್ತದೆ, ನನಗೆ ನಂಪೈ 1 ಬೇಕು. ಇನ್ನೊಂದು ಹೇಳುತ್ತದೆ, ನನಗೆ ನಂಪೈ 2 ಬೇಕು. ಒಂದು ಪೈಥಾನ್ ಜಾಗದಲ್ಲಿ ಒಂದೇ ನಂಪೈ ಇರಲು ಸಾಧ್ಯ. ಒಂದೇ ಅಡುಗೆಮನೆಯಲ್ಲಿ ಎರಡು ಸಂಸಾರ ಮಾಡಿದ ಹಾಗೆ.

ನಂಪೈ ಹೆಸರನ್ನು ಸುಮ್ನೆ ತೆಗೆದುಕೊಳ್ಳಲಿಲ್ಲ. ಲೆಕ್ಕ, ಚಿತ್ರ, ಮಷೀನ್ ಲರ್ನಿಂಗ್, ಏನೇ ಮಾಡಿ, ಹೆಚ್ಚಾಗಿ ಅಡಿಯಲ್ಲಿ ನಂಪೈ ಇರುತ್ತದೆ. ಅದರ 1.0 ಬಂದಿದ್ದು 2006ರಲ್ಲಿ. 2.0 ಬಂದಿದ್ದು 2024ರ ಜೂನ್ 16ಕ್ಕೆ. ಸುಮಾರು 18 ವರ್ಷ ಎಲ್ಲರೂ 1ರ ಮೇಲೆಯೇ ಮನೆ ಕಟ್ಟಿದ್ದರು. ಹಾಗಾಗಿ 2 ಬಂದ ಕೂಡಲೇ ಎಷ್ಟೋ ಕಡೆ ಕೆಂಪು ಅಕ್ಷರ ಶುರುವಾಯಿತು. ನಂಪೈ 1ಕ್ಕೆ ಕಂಪೈಲ್ ಮಾಡಿದ, ಅಂದರೆ ಯಂತ್ರದ ಭಾಷೆಗೆ ಬದಲಿಸಿಟ್ಟ, ಮಾಡ್ಯೂಲ್ ನಂಪೈ 2ರಲ್ಲಿ ಓಡುವುದಿಲ್ಲ, ಕ್ರ್ಯಾಶ್ ಆಗಬಹುದು, ಎಂದು ಆ ಎರರ್ರೇ ಹೇಳುತ್ತದೆ. ಪರಿಹಾರವೂ ಅದರ ಕೆಳಗೇ ಇದೆ. ನಂಪೈಯನ್ನು 2ಕ್ಕಿಂತ ಕೆಳಗೆ ಇಳಿಸಿ, ಇಲ್ಲವೇ ಆ ಇನ್ನೊಂದು ಮಾಡ್ಯೂಲನ್ನು ಮೇಲಕ್ಕೆ ಏರಿಸಿ. ಇಷ್ಟೇ. ಆದರೆ ಓದುವವರು ಎಷ್ಟು ಜನ? ಕೆಂಪು ಕಂಡ ತಕ್ಷಣ ಫೋಟೊ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತೀರಿ. ದಯವಿಟ್ಟು ಮೊದಲು ಓದಿ ಮಕ್ಕಳೇ.

ಒಂದು ಪ್ರಸಂಗ ಹೇಳುತ್ತೇನೆ. ಇದನ್ನು ಎಲ್ಲಿ ಹೋದರೂ ಹೇಳುತ್ತೇನೆ, ಯಾಕೆಂದರೆ ಕಲಿಯಬೇಕಾದ್ದೆಲ್ಲ ಇದರಲ್ಲೇ ಇದೆ.

ಒಂದು ಇಂಜಿನಿಯರಿಂಗ್ ಕಾಲೇಜಿಗೆ ಪ್ರಾಜೆಕ್ಟ್ ನೋಡಲು ಹೋಗಿದ್ದೆ. ಮಾರನೇ ದಿನ ಡೆಮೊ. ನಾಲ್ಕು ಜನರ ಒಂದು ತಂಡ. ಮುಖ ನೋಡಿ ಹಾಜರಿ ಹಾಕುವ ಪ್ರಾಜೆಕ್ಟ್. ನಿಮ್ಮಲ್ಲೂ ಎಷ್ಟೋ ಜನ ಇದನ್ನೇ ಮಾಡುತ್ತಿದ್ದೀರಿ, ಗೊತ್ತು. ಆ ತಂಡದ ಒಬ್ಬ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಡೆಮೊ ಮಾತ್ರ ಲ್ಯಾಬಿನ ಕಂಪ್ಯೂಟರಿನಲ್ಲೇ ಕೊಡಬೇಕು ಎಂದು ನಿಯಮ. ಅಲ್ಲಿ ಓಡುತ್ತಿಲ್ಲ. "ಮೇಡಂ, ಅದೇ ಕೋಡ್ ಮೇಡಂ, ಒಂದು ಅಕ್ಷರನೂ ಚೇಂಜ್ ಮಾಡಿಲ್ಲ" ಅಂತ ನಾಲ್ವರೂ ಹೇಳುತ್ತಿದ್ದಾರೆ. ಸುಳ್ಳಲ್ಲ, ಕೋಡ್ ಅದೇ.

ನಾನು ಕೇಳಿದೆ, ಯಾವ ವರ್ಷನ್? ಯಾರೂ ಮಾತಾಡಲಿಲ್ಲ. ಎರಡೂ ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿದೆ. ಪೈಥಾನ್, ಸ್ಪೇಸ್, ಎರಡು ಹೈಫನ್, ವರ್ಷನ್. ಹುಡುಗಿಯ ಲ್ಯಾಪ್‌ಟಾಪಿನಲ್ಲಿ 3.10. ಲ್ಯಾಬಿನಲ್ಲಿ 3.12. ಗೊತ್ತಾಯಿತಲ್ಲ?

ಈಗ ನೋಡಿ ಒಂದೊಂದಾಗಿ ಏನೇನಾಯಿತು ಅಂತ. ಅವರಿಗೆ ಬೇಕಾಗಿದ್ದ ಲೈಬ್ರರಿ ಫೇಸ್ ರೆಕಗ್ನಿಷನ್. ಅದಕ್ಕೆ ಡಿಲಿಬ್ ಎನ್ನುವ ಇನ್ನೊಂದು ಬೇಕು. ಡಿಲಿಬ್ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು. ಪೈಪಿಐಯಿಂದ ಅದರ ಮೂಲ ಕೋಡ್ ಬರುತ್ತದೆ, ನಿಮ್ಮ ಕಂಪ್ಯೂಟರಿನಲ್ಲೇ ಅದನ್ನು ಕಂಪೈಲ್ ಮಾಡಬೇಕು. ಅದಕ್ಕೆ ಸಿಮೇಕ್ ಎನ್ನುವ ಸಾಧನ ಬೇಕು, ವಿಂಡೋಸ್ ಆದರೆ ಮೈಕ್ರೋಸಾಫ್ಟ್‌ನ ಸಿ ಪ್ಲಸ್ ಪ್ಲಸ್ ಬಿಲ್ಡ್ ಟೂಲ್ಸ್ ಬೇಕು. ಅದು ಹಲವು ಜಿಬಿ. ಹಾಗಾಗಿ ಮಕ್ಕಳು ಒಂದು ಒಳದಾರಿ ಹುಡುಕಿದ್ದರು. ಯಾರೋ ಮೊದಲೇ ಕಂಪೈಲ್ ಮಾಡಿಟ್ಟಿದ್ದ ವೀಲ್ ಫೈಲನ್ನು, ಅಂದರೆ ನೇರವಾಗಿ ಇನ್‌ಸ್ಟಾಲ್ ಮಾಡಬಹುದಾದ ಪ್ಯಾಕೇಜನ್ನು, ಪೆನ್ ಡ್ರೈವಿನಲ್ಲಿ ತಂದಿದ್ದರು. ಲ್ಯಾಪ್‌ಟಾಪಿಗೆ ಅದೇ ಫೈಲ್ ಹಾಕಿದ್ದರು. ಲ್ಯಾಬಿನ ಕಂಪ್ಯೂಟರ್ ಅದನ್ನು ಮುಟ್ಟಲೂ ಇಲ್ಲ. ಈ ಪ್ಲಾಟ್‌ಫಾರ್ಮಿಗೆ ಹೊಂದುವ ವೀಲ್ ಅಲ್ಲ ಎಂದಿತು.

ಆ ಫೈಲಿನ ಹೆಸರನ್ನು ಓದಿಸಿದೆ. ಉದ್ದನೆಯ ಹೆಸರು. ನಡುವೆ ಸಿಪಿ 310 ಎಂದಿದೆ. ಕೊನೆಯಲ್ಲಿ ವಿನ್, ಎಎಂಡಿ 64. ಸಿಪಿ 310 ಅಂದರೆ ಪೈಥಾನ್ 3.10ಕ್ಕೆ ಮಾತ್ರ. ವಿನ್ ಎಎಂಡಿ 64 ಅಂದರೆ 64 ಬಿಟ್ ವಿಂಡೋಸಿಗೆ ಮಾತ್ರ. ಲ್ಯಾಬಿನಲ್ಲಿರುವುದು 3.12. ಹೇಗೆ ಹೊಂದುತ್ತದೆ? ಉತ್ತರ ಫೈಲಿನ ಹೆಸರಲ್ಲೇ ಬರೆದಿತ್ತು.

ಸರಿ, ಲ್ಯಾಬ್ ನೋಡಿಕೊಳ್ಳುವವರು ಬಿಲ್ಡ್ ಟೂಲ್ಸ್ ಹಾಕಿಕೊಟ್ಟರು. ಸಿಮೇಕ್ ಬಂತು. ಡಿಲಿಬ್ ಕಂಪೈಲ್ ಆಯಿತು. ಮಕ್ಕಳ ಮುಖ ಅರಳಿತು. ಪ್ರೋಗ್ರಾಮ್ ಓಡಿಸಿದರು. ಮತ್ತೆ ಎರರ್! ಈ ಸಲ ಅದು ಹೇಳಿದ್ದು, ಫೇಸ್ ರೆಕಗ್ನಿಷನ್ ಮಾಡೆಲ್ಸ್ ಎನ್ನುವ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ಇಗೋ ಕಮಾಂಡ್. ಆ ಕಮಾಂಡ್ ಕೊಟ್ಟರು. ಓಡಿಸಿದರು. ಮತ್ತೆ ಅದೇ ಸಾಲು. ಇನ್ನೊಮ್ಮೆ ಕೊಟ್ಟರು. ಮತ್ತೆ ಅದೇ. ಒಬ್ಬ ಹುಡುಗ ಪೈಥಾನನ್ನೇ ಕಿತ್ತುಹಾಕಿ ಹೊಸದಾಗಿ ಹಾಕೋಣ ಎಂದು ಹೊರಟ. ನಿಲ್ಲಿಸಿದೆ.

ಪಿಪ್ ಲಿಸ್ಟ್ ಕೊಡಿ ಎಂದೆ, ಇನ್‌ಸ್ಟಾಲ್ ಆಗಿರುವುದರ ಪಟ್ಟಿ ಬರುತ್ತದೆ. ನೋಡಿದರೆ ಆ ಪ್ಯಾಕೇಜ್ ಪಟ್ಟಿಯಲ್ಲಿ ಇದೆ. ಇದೆ, ಆದರೂ ಇಲ್ಲ ಎನ್ನುತ್ತಿದೆ. ಯಾಕೆ? ಫೇಸ್ ರೆಕಗ್ನಿಷನ್ ಲೈಬ್ರರಿಯ ಒಳಗೆ ಹೀಗೆ ಬರೆದಿದೆ. ಮಾಡೆಲ್ಸ್ ಪ್ಯಾಕೇಜನ್ನು ಇಂಪೋರ್ಟ್ ಮಾಡಿ, ಅಂದರೆ ಪ್ರೋಗ್ರಾಮಿನೊಳಗೆ ಕರೆದುಕೊಂಡು, ನೋಡು, ಏನೇ ತೊಂದರೆ ಬಂದರೂ ಈ ಸಾಲನ್ನೇ ತೋರಿಸು. ಏನೇ ತೊಂದರೆ ಬಂದರೂ! ಅಂದರೆ ನಿಜವಾದ ಕಾರಣ ಆ ಸಾಲಿನ ಹಿಂದೆ ಅಡಗಿತ್ತು. ಹಾಗಾದರೆ ಏನು ಮಾಡಬೇಕು? ಆ ಮಾಡೆಲ್ಸ್ ಪ್ಯಾಕೇಜನ್ನು ನೇರವಾಗಿ ನೀವೇ ಇಂಪೋರ್ಟ್ ಮಾಡಬೇಕು. ಮಾಡಿಸಿದೆ. ಆಗ ನಿಜ ಹೊರಬಂತು. ಪಿಕೆಜಿ ರಿಸೋರ್ಸಸ್ ಎನ್ನುವ ಮಾಡ್ಯೂಲ್ ಇಲ್ಲ.

ಆ ಮಾಡ್ಯೂಲ್ ಎಲ್ಲಿಂದ ಬರುತ್ತದೆ? ಸೆಟಪ್‌ಟೂಲ್ಸ್ ಎನ್ನುವ ಪ್ಯಾಕೇಜಿನಿಂದ. ಹಳೆಯ ಪೈಥಾನ್‌ಗಳಲ್ಲಿ ನೀವು ಕೇಳದಿದ್ದರೂ ಸೆಟಪ್‌ಟೂಲ್ಸ್ ತಾನಾಗಿ ಬಂದು ಕೂರುತ್ತಿತ್ತು. 2023ರ ಅಕ್ಟೋಬರಿನಲ್ಲಿ ಬಂದ 3.12ರಿಂದ ಅದನ್ನು ನಿಲ್ಲಿಸಿದರು. ಹುಡುಗಿಯ 3.10ರಲ್ಲಿ ಇತ್ತು, ಲ್ಯಾಬಿನ 3.12ರಲ್ಲಿ ಇರಲಿಲ್ಲ. ಇಷ್ಟೇ ಕಥೆ! ಒಂದೇ ಸಾಲು ಕೊಟ್ಟೆವು. ಪಿಪ್ ಇನ್‌ಸ್ಟಾಲ್ ಸೆಟಪ್‌ಟೂಲ್ಸ್, ಎರಡು ಈಕ್ವಲ್ ಚಿಹ್ನೆ, 80.9.0. ಯಾಕೆ 80.9.0? ಪಿಕೆಜಿ ರಿಸೋರ್ಸಸ್ ಹಳೆಯದಾಯಿತು, ಮುಂದೆ ತೆಗೆದುಬಿಡುತ್ತೇವೆ, ಬೇಕಾದವರು 81ಕ್ಕಿಂತ ಕೆಳಗೆ ನಿಲ್ಲಿ ಎಂದು ಸೆಟಪ್‌ಟೂಲ್ಸ್‌ನವರೇ ಎಚ್ಚರಿಕೆ ಕೊಟ್ಟಿದ್ದರು. ಇಲ್ಲೂ ಅದೇ ಪ್ರಶ್ನೆ. ಯಾವ ವರ್ಷನ್?

ಕ್ಯಾಮೆರಾ ಆನ್ ಆಯಿತು. ಆ ಹುಡುಗಿಯ ಮುಖದ ಸುತ್ತ ಹಸಿರು ಚೌಕ ಬಂತು, ಕೆಳಗೆ ಅವಳ ಯುಎಸ್‌ಎನ್, ಅಂದರೆ ವಿಶ್ವವಿದ್ಯಾಲಯದ ನೋಂದಣಿ ನಂಬರ್ ಬಂತು. ನಾಲ್ವರೂ ಕೂಗಿಕೊಂಡರು. ನನಗೂ ಅಷ್ಟೇ ಖುಷಿಯಾಯಿತು, ನಿಜ ಹೇಳುತ್ತೇನೆ. ಈ ಕೆಲಸದಲ್ಲಿ ಕಾರಣ ಕೈಗೆ ಸಿಗುವ ಆ ಒಂದು ಕ್ಷಣದಂಥದ್ದು ಬೇರೆ ಇಲ್ಲ.

ಕಥೆ ಉದ್ದವಾಯಿತು. ಸ್ಟುಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ. ಇನ್ನು ಬೇಗ ಬೇಗ ಹೇಳುತ್ತೇನೆ, ಬರೆದುಕೊಳ್ಳಿ.

ಪ್ರತಿ ಪ್ರಾಜೆಕ್ಟಿಗೂ ಬೇರೆ ಬೇರೆ ಜಾಗ ಮಾಡಿ. ಅದರ ಹೆಸರು ವರ್ಚುವಲ್ ಎನ್‌ವಿರಾನ್‌ಮೆಂಟ್. 2012ರಿಂದ, ಪೈಥಾನ್ 3.3ರಿಂದ, ಇದು ಪೈಥಾನ್ ಜೊತೆಗೇ ಬರುತ್ತದೆ, ದುಡ್ಡಿಲ್ಲ ಕಾಸಿಲ್ಲ. ಪ್ರಾಜೆಕ್ಟಿನ ಫೋಲ್ಡರಿಗೆ ಹೋಗಿ ಟೈಪ್ ಮಾಡಿ. ಪೈಥಾನ್, ಸ್ಪೇಸ್, ಹೈಫನ್ ಎಂ, ಸ್ಪೇಸ್, ವೆನ್ವ್, ಸ್ಪೇಸ್, ಎನ್ವ್. ವೆನ್ವ್ ಅಂದರೆ ವಿ ಇ ಎನ್ ವಿ. ಎನ್ವ್ ಅಂದರೆ ಇ ಎನ್ ವಿ, ಅದು ಫೋಲ್ಡರಿನ ಹೆಸರು. ಆಮೇಲೆ ಅದನ್ನು ಆ್ಯಕ್ಟಿವೇಟ್ ಮಾಡಿ. ವಿಂಡೋಸಿನಲ್ಲಿ ಆ ಫೋಲ್ಡರಿನೊಳಗೆ ಸ್ಕ್ರಿಪ್ಟ್ಸ್, ಅದರೊಳಗೆ ಆ್ಯಕ್ಟಿವೇಟ್ ಇರುತ್ತದೆ. ಲಿನಕ್ಸಿನಲ್ಲಿ ಸ್ಕ್ರಿಪ್ಟ್ಸ್ ಬದಲು ಬಿನ್, ಮುಂದೆ ಸೋರ್ಸ್ ಎಂದು ಸೇರಿಸಬೇಕು. ಈಗ ಈ ಪ್ರಾಜೆಕ್ಟಿನ ನಂಪೈ ಬೇರೆ, ಆ ಪ್ರಾಜೆಕ್ಟಿನ ನಂಪೈ ಬೇರೆ. ಜಗಳವೇ ಇಲ್ಲ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಮೂರು ಪೈಥಾನ್ ಇರಬಹುದು. ಇರುತ್ತವೆ, ನಾನು ನೋಡಿದ್ದೇನೆ. ಪಿಪ್ ಒಂದಕ್ಕೆ ಸೇರಿದ್ದು, ಪ್ರೋಗ್ರಾಮ್ ಓಡಿಸುವುದು ಇನ್ನೊಂದು. ಇನ್‌ಸ್ಟಾಲ್ ಆಯಿತು ಎನ್ನುತ್ತದೆ, ಇಂಪೋರ್ಟ್ ಮಾಡಿದರೆ ಇಲ್ಲ ಎನ್ನುತ್ತದೆ. ಹಾಗಾಗಿ ಬರೀ ಪಿಪ್ ಎಂದು ಟೈಪ್ ಮಾಡಬೇಡಿ. ಪೈಥಾನ್, ಸ್ಪೇಸ್, ಹೈಫನ್ ಎಂ, ಸ್ಪೇಸ್, ಪಿಪ್ ಎಂದು ಕೊಡಿ. ಆಗ ಓಡಿಸುವ ಪೈಥಾನಿಗೇ ಲೈಬ್ರರಿ ಹೋಗುತ್ತದೆ.

ಓಡಿದ ದಿನವೇ ವರ್ಷನ್ ಬರೆದಿಡಿ. ಪೈಥಾನ್, ಸ್ಪೇಸ್, ಹೈಫನ್ ಎಂ, ಸ್ಪೇಸ್, ಪಿಪ್, ಸ್ಪೇಸ್, ಫ್ರೀಜ್, ಆಮೇಲೆ ಗ್ರೇಟರ್ ದ್ಯಾನ್ ಚಿಹ್ನೆ, ರಿಕ್ವೈರ್‌ಮೆಂಟ್ಸ್ ಡಾಟ್ ಟಿಎಕ್ಸ್‌ಟಿ. ಯಾವ ಲೈಬ್ರರಿ, ಯಾವ ವರ್ಷನ್, ಎಲ್ಲ ಆ ಫೈಲಿಗೆ ಹೋಗುತ್ತದೆ. ಪೈಥಾನ್ ವರ್ಷನ್ ಮಾತ್ರ ಅದರಲ್ಲಿ ಬರುವುದಿಲ್ಲ, ಅದನ್ನು ರೀಡ್‌ಮಿ ಫೈಲಿನ ಮೊದಲ ಸಾಲಿನಲ್ಲಿ ನೀವೇ ಬರೆಯಿರಿ. ಅದೇ ರೀತಿ ಪಿಪ್ ಚೆಕ್ ಎಂದು ಕೊಟ್ಟರೆ ಯಾವುದಕ್ಕೆ ಯಾವುದು ಹೊಂದುತ್ತಿಲ್ಲ ಎಂದು ಅದೇ ಹೇಳುತ್ತದೆ.

ಇನ್ನೊಂದು. ಇಂಪೋರ್ಟ್ ಮಾಡುವ ಹೆಸರು, ಇನ್‌ಸ್ಟಾಲ್ ಮಾಡುವ ಹೆಸರು ಎರಡೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಇಂಪೋರ್ಟ್ ಮಾಡುವಾಗ ಸಿವಿ2, ಇನ್‌ಸ್ಟಾಲ್ ಮಾಡುವಾಗ ಓಪನ್‌ಸಿವಿ ಹೈಫನ್ ಪೈಥಾನ್. ಇಂಪೋರ್ಟ್ ಮಾಡುವಾಗ ಎಸ್‌ಕೆಲರ್ನ್, ಇನ್‌ಸ್ಟಾಲ್ ಮಾಡುವಾಗ ಸೈಕಿಟ್ ಹೈಫನ್ ಲರ್ನ್. ಹೆಸರನ್ನು ಊಹಿಸಿ ಹಾಕಬೇಡಿ. ಒಂದು ಅಕ್ಷರ ತಪ್ಪಿದ ಹೆಸರಿನಲ್ಲಿ ಕಳ್ಳ ಪ್ಯಾಕೇಜ್ ಇಟ್ಟು ಪಾಸ್‌ವರ್ಡ್ ಕದಿಯುವವರಿದ್ದಾರೆ.

ಹೊಸ ಉಬುಂಟು, ಅಂದರೆ ಒಂದು ಬಗೆಯ ಲಿನಕ್ಸ್, ಬಳಸುವವರು ನೇರವಾಗಿ ಪಿಪ್‌ನಿಂದ ಇನ್‌ಸ್ಟಾಲ್ ಮಾಡಿದರೆ ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್ ಎಂಬ ಎರರ್ ಬರುತ್ತದೆ. ಆ ಪೈಥಾನ್ ಉಬುಂಟು ತನ್ನ ಸ್ವಂತ ಕೆಲಸಕ್ಕೆ ಇಟ್ಟುಕೊಂಡಿರುವುದು, ಮುಟ್ಟಬೇಡ ಎಂದರ್ಥ. ಬ್ರೇಕ್ ಸಿಸ್ಟಮ್ ಪ್ಯಾಕೇಜಸ್ ಎಂದು ಸೇರಿಸಿ ನುಗ್ಗುವ ದಾರಿಯನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಸಿಸ್ಟಮ್ ಒಡೆಯುತ್ತೇನೆ ಎಂದು ಹೆಸರಲ್ಲೇ ಹೇಳುತ್ತಿದೆಯಲ್ಲ! ವೆನ್ವ್ ಮಾಡಿಕೊಳ್ಳಿ.

ಚಾಟ್‌ಬಾಟ್‌ಗೆ ಎರರ್ ಅಂಟಿಸಿ ಕೇಳುತ್ತೀರಿ, ಕೇಳಿ. ಜೊತೆಗೆ ಪೈಥಾನ್ ವರ್ಷನ್, ಪಿಪ್ ಲಿಸ್ಟ್ ಎರಡನ್ನೂ ಅಂಟಿಸಿ. ಇಲ್ಲದಿದ್ದರೆ ಅದೂ ಹಳೆಯ ಪಾಠದ ಉತ್ತರವನ್ನೇ ಕೊಡುತ್ತದೆ.

ಜಾವಾಸ್ಕ್ರಿಪ್ಟ್‌ನವರಿಗೆ ಒಂದೇ ಮಾತು. ಪ್ಯಾಕೇಜ್ ಲಾಕ್ ಡಾಟ್ ಜೇಸನ್ ಎನ್ನುವ ಫೈಲನ್ನು ಅಳಿಸಬೇಡಿ, ಗಿಟ್‌ಗೆ ಸೇರಿಸಿ. ವರ್ಷನ್ ಎಲ್ಲ ಅದರಲ್ಲಿದೆ. ನಮಗೆ ಪಿಪ್ ಇದ್ದ ಹಾಗೆ ನಿಮಗೆ ಎನ್‌ಪಿಎಂ. ಗೆಳೆಯರ ಕಂಪ್ಯೂಟರಿನಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ ಎಂದು ಕೊಡಿಸಿ, ಲಾಕ್ ಫೈಲಿನಲ್ಲಿ ಇದ್ದದ್ದೇ ಬರುತ್ತದೆ.

ನಮಸ್ಕಾರ. ಡೆಮೊಗೆ ಶುಭವಾಗಲಿ.